1142 ಅಡಿ: ಶಬ್ದವೇಗದ ಒಂದು ಅಂಕಿಯ ಚರಿತ್ರೆ

ಕೆರೆಯ ಆಚೆಯ ದಡದಲ್ಲಿ ಅಗಸನು ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸುವುದನ್ನು ಈಚೆಯ ಏರಿಯ ಮೇಲೆ ನಿಂತು ನೋಡಿದವರಿಗೆಲ್ಲ ಒಂದು ಸಂಗತಿ ತಿಳಿದಿದೆ. ಬಟ್ಟೆ ಕಲ್ಲಿಗೆ ತಾಗಿದುದು ಮೊದಲು ಕಾಣುತ್ತದೆ. ಅದರ ಸದ್ದು ಕಿವಿಗೆ ಬೀಳುವ ವೇಳೆಗೆ ಅವನ ಕೈ ಮತ್ತೆ ಮೇಲಕ್ಕೆ ಎದ್ದಿರುತ್ತದೆ. ಇಷ್ಟು ಅಲ್ಪ ದೂರವನ್ನು ದಾಟಲು ಬೆಳಕಿಗೆ ಹಿಡಿಯುವ ಕಾಲವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿಲ್ಲ. ಆದುದರಿಂದ ಕಂಡುದಕ್ಕೂ ಕೇಳಿದುದಕ್ಕೂ ನಡುವಣ ವಿಳಂಬವೆಲ್ಲ ಶಬ್ದಕ್ಕೇ ಸೇರಿದುದು. ದೂರವನ್ನು ಸರಪಳಿಯಿಂದಲೂ ವಿಳಂಬವನ್ನು ಗಡಿಯಾರದಿಂದಲೂ ಅಳೆದು ಭಾಗಿಸಿದರೆ ಶಬ್ದದ ವೇಗ ದೊರೆಯುತ್ತದೆ. ಕೆಲಸ ಮೇಲುನೋಟಕ್ಕೆ ಇಷ್ಟು ಸುಲಭವಾಗಿದ್ದರೂ ಆ ವೇಗದ ಅಂಕಿಯನ್ನು ಕುರಿತು ಯುರೋಪಿನ ವಿದ್ವಾಂಸರು ಸುಮಾರು ಎರಡು ಶತಮಾನಗಳ ಕಾಲ ತೊಳಲಬೇಕಾಯಿತು. ಆ ತೊಳಲಾಟದ ನಡುವೆ ಒಂದು ಅಂಕಿ, ಸೆಕೆಂಡಿಗೆ 1142 ಇಂಗ್ಲಿಷ್ ಅಡಿ ಎಂಬುದು, ವಿಶೇಷ ಪ್ರತಿಷ್ಠೆಯನ್ನು ಪಡೆದು ಬಹುಕಾಲ ಪುಸ್ತಕಗಳಲ್ಲಿ ನೆಲಸಿತು. ಅದು ಎಲ್ಲಿಂದ ಬಂತು, ಅದನ್ನು ಸಮರ್ಥಿಸಲು ನ್ಯೂಟನನಂತಹ ಮಹಾಮೇಧಾವಿಯು ಏನು ಮಾಡಿದನು, ಕೊನೆಗೆ ಅದು ಯಾವ ಸೀಮೆಗೆ ಸಲ್ಲತಕ್ಕ ಅಂಕಿ ಎಂದು ಗೊತ್ತಾಯಿತು ಎಂಬುದೇ ಪ್ರಕೃತ ಲೇಖನದ ವಿಷಯ. ಇತಿಹಾಸದ ಅಧ್ಯಾಪಕನಾದ ನಾನು ಇಲ್ಲಿ ಭೌತಶಾಸ್ತ್ರವನ್ನು ಬೋಧಿಸಲು ಹೊರಟಿಲ್ಲ. ಆದರೂ ಕಥೆ ಅರ್ಥವಾಗಬೇಕಾದರೆ ಶಾಸ್ತ್ರದ ನಾಲ್ಕು ಮಾತು ಮೊದಲೇ ಹೇಳದೆ ಗತ್ಯಂತರವಿಲ್ಲ.

ದೇವಸ್ಥಾನದ ಗಂಟೆಯನ್ನು ಹೊಡೆದಾಗ ಅದರ ಲೋಹದ ಗೋಡೆ ಅತಿ ಶೀಘ್ರವಾಗಿ ಹಿಂದಕ್ಕೂ ಮುಂದಕ್ಕೂ ಅದುರುತ್ತದೆ. ಮುಂದಕ್ಕೆ ಬಂದಾಗ ಪಕ್ಕದ ಗಾಳಿಯನ್ನು ಅದುಮುತ್ತದೆ. ಹಿಂದಕ್ಕೆ ಸರಿದಾಗ ಅದೇ ಗಾಳಿ ಸಡಿಲಗೊಳ್ಳುತ್ತದೆ. ಅದುಮಿದ ಗಾಳಿ ತನ್ನ ಮುಂದಿನ ಗಾಳಿಯನ್ನು ಅದುಮಿ ತಾನು ಮೊದಲಿನ ಸ್ಥಿತಿಗೆ ಬರುತ್ತದೆ. ಹೀಗೆ ಒತ್ತಡದ ಏರಿಳಿತವು ಪದರದಿಂದ ಪದರಕ್ಕೆ ಸಾಗುತ್ತ ಹೋಗುತ್ತದೆಯೇ ಹೊರತು ಗಂಟೆಯ ಬಳಿಯ ಗಾಳಿಯೇ ನಮ್ಮ ಕಿವಿಯವರೆಗೆ ಬರುವುದಿಲ್ಲ. ಬತ್ತದ ಗದ್ದೆಯ ಮೇಲೆ ಗಾಳಿ ಬೀಸಿದಾಗ ಒಂದು ಬದುವಿನಿಂದ ಇನ್ನೊಂದು ಬದುವಿಗೆ ಅಲೆ ಓಡುತ್ತದೆ. ಆದರೆ ಯಾವ ತೆನೆಯೂ ತನ್ನ ಬುಡವನ್ನು ಬಿಟ್ಟು ಹೋಗುವುದಿಲ್ಲ. ಈ ಹೋಲಿಕೆಯಲ್ಲಿ ಒಂದು ಕೊರತೆಯುಂಟು. ತೆನೆ ಬಾಗಿ ಏಳುತ್ತದೆ; ಶಬ್ದದಲ್ಲಿ ಗಾಳಿಯ ಕಣಗಳು ಅಲೆ ಸಾಗುವ ದಿಕ್ಕಿನಲ್ಲಿಯೇ ಹಿಂದುಮುಂದಾಗಿ ಆಡುತ್ತವೆ. ಅಲೆಯ ವೇಗವನ್ನು ನಿರ್ಧರಿಸುವುದು ಮಾಧ್ಯಮದ ಎರಡು ಗುಣಗಳು: ಅದುಮಿದಾಗ ಎಷ್ಟು ಬಲವಾಗಿ ಮರಳಿ ಪುಟಿಯುತ್ತದೆ ಎಂಬುದು ಒಂದು, ಎಷ್ಟು ಭಾರವಾಗಿದೆ ಎಂಬುದು ಇನ್ನೊಂದು. ಪುಟಿತ ಹೆಚ್ಚಾದಷ್ಟೂ ವೇಗ ಹೆಚ್ಚು, ಭಾರ ಹೆಚ್ಚಾದಷ್ಟೂ ವೇಗ ಕಡಿಮೆ. ಸದ್ದು ಜೋರೇ ಮೆಲ್ಲಗೆಯೇ, ತಾರವೇ ಮಂದ್ರವೇ ಎಂಬುದರಿಂದ ವೇಗದಲ್ಲಿ ವ್ಯತ್ಯಾಸವಾಗುವುದಿಲ್ಲ. ಹಾಗೆ ಆಗುತ್ತಿದ್ದರೆ ದೂರದಿಂದ ಕೇಳುವ ವಾದ್ಯಮೇಳದಲ್ಲಿ ನಾಗಸ್ವರ ಒಂದು ಹೊತ್ತಿಗೂ ಡೋಲು ಇನ್ನೊಂದು ಹೊತ್ತಿಗೂ ಬಂದು ಸೇರಬೇಕಾಗಿತ್ತು.

ಶಬ್ದವು ಅಲೆಯಂತೆ ಹರಡುತ್ತದೆ ಎಂಬ ಕಲ್ಪನೆ ಪ್ರಾಚೀನವಾದುದು. ರೋಮಿನ ವಾಸ್ತುಶಾಸ್ತ್ರಜ್ಞ ವಿಟ್ರೂವಿಯಸನು ನಾಟಕಶಾಲೆಗಳ ರಚನೆಯನ್ನು ಹೇಳುವಾಗ ಕಲ್ಲು ಬಿದ್ದ ನೀರಿನ ವರ್ತುಲಗಳನ್ನು ನೆನೆದಿದ್ದಾನೆ. ನಮ್ಮ ನ್ಯಾಯ ವೈಶೇಷಿಕರಲ್ಲಿ ಶಬ್ದವು ಆಕಾಶದ ಗುಣ. ಅದು ಹರಡುವ ಬಗೆಯನ್ನು ವಿವರಿಸಲು ವೀಚೀತರಂಗ ನ್ಯಾಯ, ಕದಂಬಮುಕುಲ ನ್ಯಾಯ ಎಂಬ ಎರಡು ದೃಷ್ಟಾಂತಗಳಿದ್ದುವು. ಮೊದಲನೆಯದರಲ್ಲಿ ಒಂದು ಅಲೆ ಮತ್ತೊಂದನ್ನು ಹುಟ್ಟಿಸುತ್ತ ಸಾಗುತ್ತದೆ. ಎರಡನೆಯದರಲ್ಲಿ ಕದಂಬದ ಮೊಗ್ಗು ಸುತ್ತಲೂ ಒಮ್ಮೆಗೇ ಬಿರಿಯುವಂತೆ ಶಬ್ದವು ಎಲ್ಲ ದಿಕ್ಕುಗಳಿಗೂ ಹೊಮ್ಮುತ್ತದೆ. ಮೀಮಾಂಸಕರಿಗಾದರೋ ಶಬ್ದ ನಿತ್ಯ. ಚಲಿಸುವ ವಾಯುವು ಅದನ್ನು ವ್ಯಕ್ತಗೊಳಿಸುತ್ತದೆ ಅಷ್ಟೆ. ಜೈನರು ಶಬ್ದವನ್ನು ಗುಣವೆನ್ನದೆ ಪುದ್ಗಲವೆಂದರು. ಹದಿಮೂರನೆಯ ಶತಮಾನದ ನಮ್ಮ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಶಬ್ದದ್ರವ್ಯ ಹುಟ್ಟುತ್ತದೆಂದೂ ಅದರ ಬಣ್ಣ ಬಿಳಿದೆಂದೂ ಹೇಳುವುದು ಈ ಮತಕ್ಕೆ ಅನುಗುಣವಾಗಿಯೇ ಇದೆ. ಇವು ಸೂಕ್ಷ್ಮವಾದ ವಿಚಾರಗಳೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇವುಗಳ ಆಧಾರದ ಮೇಲೆ ಇಂದಿನ ಧ್ವನಿಶಾಸ್ತ್ರವೆಲ್ಲ ನಮ್ಮಲ್ಲಿ ಮೊದಲೇ ಇತ್ತೆಂದು ಭಾಷಣಗಳಲ್ಲಿ ಹೇಳುವುದುಂಟಲ್ಲ, ಅದನ್ನು ನಾನು ಒಪ್ಪಲಾರೆ. ವೀಚೀತರಂಗ ನ್ಯಾಯವು ಶಬ್ದ ಹೇಗೆ ಹರಡುತ್ತದೆ ಎಂದು ಕೇಳಿತು. ಎಷ್ಟು ಹೊತ್ತಿನಲ್ಲಿ ಎಷ್ಟು ದೂರ ಹೋಗುತ್ತದೆ ಎಂದು ಕೇಳಲಿಲ್ಲ. ಆ ಎರಡನೆಯ ಪ್ರಶ್ನೆಗೆ ನಂಬಬಹುದಾದ ಗಡಿಯಾರ ಬೇಕು, ಅಳೆದ ಭೂಮಿ ಬೇಕು, ದೂರದಿಂದ ಕಾಣುವ ಬೆಂಕಿಯ ಮಿಂಚು ಬೇಕು. ಈ ಮೂರೂ ಒಟ್ಟಿಗೆ ಒದಗಿದುದು ತೋಪುಗಳ ಯುಗದಲ್ಲಿ.

ಹದಿನೇಳನೆಯ ಶತಮಾನದಲ್ಲಿ ಪ್ಯಾರಿಸಿನ ಪಾದ್ರಿ ಮರ್ಸೆನ್ನನೂ ಅವನ ಸಮಕಾಲೀನನಾದ ಗಾಸೆಂಡಿಯೂ ತೋಪಿನ ಬೆಂಕಿ ಕಂಡ ಕ್ಷಣದಿಂದ ಸದ್ದು ಕೇಳಿದ ಕ್ಷಣದವರೆಗೆ ಎಣಿಸಿ ಶಬ್ದದ ವೇಗವನ್ನು ಗೊತ್ತುಮಾಡಲು ಯತ್ನಿಸಿದರು. ಅವರ ಅಂಕಿಗಳು ನಿಜಕ್ಕಿಂತ ಬಹಳ ಹೆಚ್ಚು. ಆದರೆ ದೊಡ್ಡ ತೋಪಿನ ಸದ್ದೂ ಸಣ್ಣ ಕೋವಿಯ ಸದ್ದೂ ಒಂದೇ ವೇಗದಲ್ಲಿ ಬರುತ್ತವೆ ಎಂಬ ಗಾಸೆಂಡಿಯ ನಿರ್ಣಯ ಸರಿಯಾಗಿಯೇ ನಿಂತಿತು. ಶಬ್ದಕ್ಕೆ ಗಾಳಿ ಬೇಕೇ ಬೇಕೆ ಎಂಬ ವಿವಾದವೂ ಅದೇ ಕಾಲದ್ದು. ರೋಮಿನಲ್ಲಿ ನಿರ್ವಾತ ಕೊಳವೆಯೊಳಗೆ ತೂಗಿಸಿದ ಗಂಟೆಯ ಸದ್ದು ಹೊರಗೆ ಕೇಳಿತೆಂಬುದನ್ನು ಹಿಡಿದು ಕಿರ್ಖರನು ಕೊಳವೆಯಲ್ಲಿ ನಿರ್ವಾತವೇ ಇಲ್ಲವೆಂದು ವಾದಿಸಿದನು. ಗಂಟೆಯನ್ನು ಹಿಡಿದ ಆಧಾರದ ಮೂಲಕವೇ ಸದ್ದು ಹೊರಬಂದಿರಬಹುದೆಂಬುದು ಅವನಿಗೆ ಹೊಳೆಯಲಿಲ್ಲ. 1660ರಲ್ಲಿ ಬಾಯ್ಲನು ಒಂದು ಗಡಿಯಾರವನ್ನು ದಾರದಿಂದ ಗಾಜಿನ ಪಾತ್ರೆಯೊಳಗೆ ತೂಗುಬಿಟ್ಟು ಗಾಳಿಯನ್ನು ಹೊರತೆಗೆದಾಗ ಅದರ ಟಿಕ್‌ಟಿಕ್ ಅಡಗಿತು. ಕಬ್ಬಿಣದ ಕಂಬಿಗೂ ನೂಲಿನ ದಾರಕ್ಕೂ ಇರುವ ಭೇದ ಇಂತಹ ವಾದಗಳನ್ನು ತೀರ್ಮಾನಿಸುವುದುಂಟು.

ಈಗ ನ್ಯೂಟನನ ಬಳಿಗೆ ಬರೋಣ. 1687ರಲ್ಲಿ ಪ್ರಕಟವಾದ ಪ್ರಿನ್ಸಿಪಿಯಾ ಗ್ರಂಥದ ಎರಡನೆಯ ಭಾಗದಲ್ಲಿ ಅವನು ಶಬ್ದದ ವೇಗವನ್ನು ಅಳೆಯದೆ, ಕೇವಲ ಗಾಳಿಯ ಒತ್ತಡ ಮತ್ತು ಸಾಂದ್ರತೆಗಳಿಂದ ಲೆಕ್ಕಹಾಕಿ ತೋರಿಸಿದನು. ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿ ವರ್ಗಮೂಲವನ್ನು ತೆಗೆದರೆ ವೇಗ ಬರುತ್ತದೆ ಎಂಬುದು ಅವನ ನಿಯಮದ ಸಾರಾಂಶ. ಕಿವಿಯಿಂದ ಕೇಳದೆ, ಗಡಿಯಾರ ನೋಡದೆ, ವಾಯುಭಾರಮಾಪಕವನ್ನೂ ತಕ್ಕಡಿಯನ್ನೂ ಇಟ್ಟುಕೊಂಡು ಶಬ್ದದ ವೇಗವನ್ನು ಹೇಳಬಹುದೆಂಬುದು ಅದುವರೆಗೆ ಯಾರ ಕಲ್ಪನೆಗೂ ಬಾರದ ಸಾಹಸ. ನೀರು ಗಾಳಿಗಿಂತ 850 ಪಟ್ಟು ಭಾರವೆಂದು ಎಣಿಸಿ ಅವನು ಪಡೆದ ಅಂಕಿ ಸೆಕೆಂಡಿಗೆ 968 ಅಡಿ. ಇದನ್ನು ಪರೀಕ್ಷಿಸಲು ಅವನು ಕೇಂಬ್ರಿಜಿನ ಟ್ರಿನಿಟಿ ಕಾಲೇಜಿನ 208 ಅಡಿ ಉದ್ದದ ಪಡಸಾಲೆಯಲ್ಲಿ ಸದ್ದುಮಾಡಿ, ಗೋಡೆಯಿಂದ ಹಿಂದಿರುಗಿದ ಮಾರ್ದನಿಯನ್ನು ಲೋಲಕಗಳ ತೂಗಾಟದೊಡನೆ ಹೋಲಿಸಿದನು. ವೇಗವು 920 ಅಡಿಗಿಂತ ಹೆಚ್ಚು, 1085 ಅಡಿಗಿಂತ ಕಡಿಮೆ ಎಂದು ಕಂಡಿತು. 968 ಇವೆರಡರ ನಡುವೆಯೇ ಇದೆ. ಸಿದ್ಧಾಂತಕ್ಕೂ ಅನುಭವಕ್ಕೂ ವಿರೋಧವಿಲ್ಲವೆಂದು ನ್ಯೂಟನನು ಸಮಾಧಾನಪಟ್ಟುದರಲ್ಲಿ ತಪ್ಪೇನೂ ಇಲ್ಲ.

ಸಮಾಧಾನ ಇಪ್ಪತ್ತು ವರ್ಷ ಬಾಳಿತು. ಎಸೆಕ್ಸ್ ಪ್ರಾಂತದ ಅಪ್‌ಮಿನ್‌ಸ್ಟರ್ ಎಂಬ ಹಳ್ಳಿಯಲ್ಲಿ ವಿಲಿಯಂ ಡೆರ್ಹಾಮ್ ಎಂಬ ಪಾದ್ರಿ ಇದ್ದನು. ತನ್ನ ಚರ್ಚಿನ ಗೋಪುರವನ್ನು ಹತ್ತಿ ದೂರದರ್ಶಕದಲ್ಲಿ ಥೇಮ್ಸ್ ನದಿಯ ಆಚೆಗೆ, ಹನ್ನೆರಡು ಮೈಲಿಗೂ ಮೀರಿದ ದೂರದಲ್ಲಿದ್ದ ಬ್ಲ್ಯಾಕ್‌ಹೀತ್ ಬಯಲಿನ ತೋಪುಗಳ ಬೆಂಕಿಯನ್ನು ನೋಡಿ, ಅರೆ ಸೆಕೆಂಡಿಗೊಮ್ಮೆ ತೂಗುವ ಲೋಲಕದಿಂದ ಎಣಿಸುತ್ತ ಸದ್ದಿಗಾಗಿ ಕಾಯುವುದು ಅವನ ಅಭ್ಯಾಸವಾಯಿತು. ಸದ್ದು ಬರಲು ಸುಮಾರು ಒಂದು ನಿಮಿಷ ಹಿಡಿಯುತ್ತಿತ್ತು. ಹಿಂದೆ ಯಾರೂ ಇಷ್ಟು ದೀರ್ಘವಾದ ದೂರದ ಮೇಲೆ, ಇಷ್ಟು ತಾಳ್ಮೆಯಿಂದ, ಇಷ್ಟು ಬಗೆಯ ಹವೆಯಲ್ಲಿ ಈ ಕೆಲಸ ಮಾಡಿರಲಿಲ್ಲ. ಗಾಳಿ ಅನುಕೂಲವಾಗಿ ಬೀಸಿದರೆ ಸದ್ದು ಬೇಗ ಬರುತ್ತದೆ, ಎದುರಾಗಿ ಬೀಸಿದರೆ ತಡವಾಗುತ್ತದೆ ಎಂಬುದನ್ನು ಅವನು ಸ್ಪಷ್ಟವಾಗಿ ತೋರಿಸಿದನು. 1708ರ ಸುಮಾರಿಗೆ ಲ್ಯಾಟಿನಿನಲ್ಲಿ ಬರೆದು ರಾಯಲ್ ಸೊಸೈಟಿಗೆ ಒಪ್ಪಿಸಿದ ಪ್ರಬಂಧದಲ್ಲಿ ಅವನು ಕೊಟ್ಟ ವೇಗವೇ 1142 ಅಡಿ.

ಅಂದರೆ ನ್ಯೂಟನನ ಲೆಕ್ಕಕ್ಕೂ ಡೆರ್ಹಾಮನ ಅಳತೆಗೂ ಸುಮಾರು ಆರನೆಯ ಒಂದು ಭಾಗದಷ್ಟು ಅಂತರ ಬಿತ್ತು. ನ್ಯೂಟನನ ಹಳೆಯ ಮಿತಿಯಾದ 1085ನ್ನೂ ಹೊಸ ಅಂಕಿ ದಾಟಿಹೋಯಿತು. 1713ರಲ್ಲಿ ಪ್ರಿನ್ಸಿಪಿಯಾದ ಎರಡನೆಯ ಆವೃತ್ತಿ ಹೊರಬಂದಾಗ ಆ ಪುಟಗಳು ಬದಲಾಗಿದ್ದುವು. ಅಲ್ಲಿ ನಡೆದುದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ನಮ್ಮ ಪಠ್ಯಪುಸ್ತಕಗಳು ‘ನ್ಯೂಟನನ ಲೆಕ್ಕ 979, ಅದನ್ನು ಲಾಪ್ಲಾಸನು ತಿದ್ದಿದನು’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತವೆ. ಇವೆರಡರ ನಡುವೆ ನ್ಯೂಟನನೇ ಮಾಡಿದ ತಿದ್ದುಪಡಿಯನ್ನು ಅವು ಎತ್ತುವುದಿಲ್ಲ.

ಮೊದಲನೆಯದಾಗಿ, ನೀರಿನ ಭಾರ ಗಾಳಿಯದರ 850 ಪಟ್ಟು ಎಂದಿದ್ದುದು 870 ಪಟ್ಟಾಯಿತು. ಇದರಿಂದ 968 ಇದ್ದುದು 979ಕ್ಕೆ ಏರಿತು. ಇಂಗ್ಲೆಂಡಿನ ತಂಪು ಹವೆಯಲ್ಲಿ ನಿಜವಾದ ಪ್ರಮಾಣ ಸುಮಾರು 800. ಆದುದರಿಂದ ಹಳೆಯ ಅಂಕಿಯೇ ಸತ್ಯಕ್ಕೆ ಹತ್ತಿರವಾಗಿತ್ತು. ಎರಡನೆಯದಾಗಿ, ಗಾಳಿಯ ಕಣಗಳು ಘನವಾದುವು, ಶಬ್ದವು ಕಣದೊಳಗೆ ಕ್ಷಣಮಾತ್ರದಲ್ಲಿ ಹಾದುಹೋಗುತ್ತದೆ, ಕಾಲ ಹಿಡಿಯುವುದು ಕಣಗಳ ನಡುವಣ ತೆರಪಿನಲ್ಲಿ ಮಾತ್ರ ಎಂದು ನ್ಯೂಟನನು ಊಹಿಸಿದನು. ಕಣದ ವ್ಯಾಸವು ತೆರಪಿನ ಒಂಬತ್ತನೆಯ ಒಂದು ಭಾಗವೆಂದು ಇಟ್ಟುಕೊಂಡರೆ 979ಕ್ಕೆ 109 ಅಡಿ ಕೂಡಿ 1088 ಆಗುತ್ತದೆ. ಮೂರನೆಯದಾಗಿ, ಗಾಳಿಯಲ್ಲಿ ಹತ್ತು ಪಾಲು ಶುದ್ಧವಾಯುವಿಗೆ ಒಂದು ಪಾಲು ಆವಿ ಬೆರೆತಿದೆ, ಆ ಆವಿ ಶಬ್ದದ ಚಲನೆಯಲ್ಲಿ ಭಾಗವಹಿಸುವುದಿಲ್ಲ ಎಂದು ಹೇಳಿ ವೇಗವನ್ನು ಇಪ್ಪತ್ತಕ್ಕೆ ಇಪ್ಪತ್ತೊಂದರ ಪ್ರಮಾಣದಲ್ಲಿ ಹೆಚ್ಚಿಸಿದನು. 1088 ಅಡಿ ಈ ಲೆಕ್ಕದಿಂದ 1142 ಅಡಿ ಆಯಿತು! ಡೆರ್ಹಾಮನ ಅಂಕಿಗೂ ಇದಕ್ಕೂ ಒಂದು ಅಡಿಯ ಭೇದವೂ ಉಳಿಯಲಿಲ್ಲ.

ಕಣದ ವ್ಯಾಸ ಒಂಬತ್ತನೆಯ ಒಂದು ಭಾಗವೆಂದು ಅವನಿಗೆ ತಿಳಿಸಿದವರಾರು? ಆವಿ ಹತ್ತಕ್ಕೆ ಒಂದು ಪಾಲೆಂದು ಅಳೆದವರಾರು? ಯಾರೂ ಇಲ್ಲ. ಈ ಎರಡು ಪ್ರಮಾಣಗಳಿಗೂ ಇದ್ದ ಒಂದೇ ಆಧಾರವೆಂದರೆ ಕೊನೆಗೆ 1142 ಬರಬೇಕೆಂಬುದು. ಅಮೆರಿಕದ ಇತಿಹಾಸಜ್ಞ ರಿಚರ್ಡ್ ವೆಸ್ಟ್‌ಫಾಲ್ 1973ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಈ ವ್ಯವಹಾರವನ್ನು ನಿರ್ದಾಕ್ಷಿಣ್ಯವಾಗಿ ಬಯಲಿಗೆಳೆದರು. ಅವರ ತೀರ್ಪು ಕಠಿನವೆಂದು ಕೆಲವರಿಗೆ ತೋರಬಹುದು. ನನಗೆ ನ್ಯಾಯವಾದುದೆಂದೇ ತೋರುತ್ತದೆ. ಆದರೂ ನ್ಯೂಟನನ ಪರವಾಗಿ ಒಂದು ಮಾತು ಹೇಳಬೇಕು. ಅವನು ತನ್ನ ಹೆಜ್ಜೆಗಳನ್ನು ಮುಚ್ಚಿಡಲಿಲ್ಲ. ಯಾವ ಅಂಕಿಗೆ ಏನನ್ನು ಕೂಡಿದನೆಂಬುದು ಆ ಪುಟದಲ್ಲಿಯೇ ಅಚ್ಚಾಗಿದೆ, ಓದಬಲ್ಲವರು ಓದಬಹುದಾಗಿತ್ತು. 1726ರ ಮೂರನೆಯ ಆವೃತ್ತಿಯಲ್ಲಿಯೂ ಅದು ಹಾಗೆಯೇ ಉಳಿಯಿತು.

ಇಂತಹ ತಿದ್ದುಪಡಿ ಎಷ್ಟು ಸಹಜವಾಗಿ ನಡೆದುಹೋಗುತ್ತದೆ ಎಂಬುದನ್ನು ನಾನು ನನ್ನ ವಿದ್ಯಾರ್ಥಿಗಳ ನಡುವೆಯೇ ಕಂಡಿದ್ದೇನೆ. ಒಮ್ಮೆ ಕೋಟೆಯೊಂದನ್ನು ನೋಡಲು ಹೋದಾಗ ಅಲ್ಲಿದ್ದ ನಿಡಿದಾದ ಬಂಡೆಯ ಎದುರು ಟೇಪಿನಿಂದ 300 ಅಡಿ ಅಳೆದು ನಿಂತೆವು. ಒಬ್ಬನು ಚಪ್ಪಾಳೆ ತಟ್ಟಬೇಕು. ಮಾರ್ದನಿ ಬಂದು ಕಿವಿಗೆ ತಾಗುವ ಕ್ಷಣದಲ್ಲಿಯೇ ಮುಂದಿನ ಚಪ್ಪಾಳೆ ಬೀಳಬೇಕು. ಭಜನೆಯ ತಾಳ ಹಾಕಿ ಅಭ್ಯಾಸವಿದ್ದವರಿಗೆ ಇದು ಕಷ್ಟವಲ್ಲ. ಹೀಗೆ 50 ಚಪ್ಪಾಳೆಗಳ ಅವಧಿಯನ್ನು ಗಡಿಯಾರದಲ್ಲಿ ನೋಡಿದರೆ ಶಬ್ದವು 30,000 ಅಡಿ ನಡೆದ ಕಾಲ ಸಿಕ್ಕುತ್ತದೆ. ನಮಗೆ ಒಮ್ಮೆ 26 ಸೆಕೆಂಡು ಬಂತು, ಒಮ್ಮೆ 27, ಒಮ್ಮೆ 25, ಒಮ್ಮೆ 28. ಲೆಕ್ಕ ಬರೆಯುತ್ತಿದ್ದ ಹುಡುಗನು 28ರ ಸಾಲನ್ನು ಹೊಡೆದುಹಾಕಿದನು. ಏಕೆಂದು ಕೇಳಿದ್ದಕ್ಕೆ, ‘ಸಾರ್, ಅದರಲ್ಲಿ ತಾಳ ತಪ್ಪಿತ್ತು’ ಎಂದನು. ತಾಳ 25ರಲ್ಲಿಯೂ ತಪ್ಪಿರಬಹುದು. ಆದರೆ ಅದನ್ನು ಬಿಟ್ಟು ಇದನ್ನು ಮಾತ್ರ ಹೊಡೆದರೆ ಸರಾಸರಿಯು ಪುಸ್ತಕದ ಅಂಕಿಗೆ ಚೆನ್ನಾಗಿ ಹೊಂದುತ್ತಿತ್ತು. ನಾನು ಆಗ ಸುಮ್ಮನಿದ್ದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಬಿಸಿಲು ಏರುತ್ತಿತ್ತು, ಬಸ್ಸಿಗೆ ಹೊತ್ತಾಗಿತ್ತು, ಉತ್ತರವೂ ಸರಿಯಾಗಿಯೇ ಬಂದಿತ್ತು. 1713ರ ಪುಟವನ್ನು ತರಗತಿಯಲ್ಲಿ ವಿವರಿಸುವಾಗಲೆಲ್ಲ ಆ ಹೊಡೆದುಹಾಕಿದ ಸಾಲು ನನ್ನ ಕಣ್ಣಮುಂದೆ ಬರುತ್ತದೆ.

ನ್ಯೂಟನನು ಕಾಣದಿದ್ದ ಕಾರಣ ಬಿಸಿಗೆ ಸಂಬಂಧಿಸಿದುದು. ಸೈಕಲ್ಲಿಗೆ ಗಾಳಿ ಹೊಡೆಯುವ ಪಂಪಿನ ಬಾಯನ್ನು ಬೆರಳಿನಿಂದ ಮುಚ್ಚಿ ಬೇಗಬೇಗನೆ ಒತ್ತಿದರೆ ಒಳಗಿನ ಗಾಳಿ ಬಿಸಿಯಾಗುವುದನ್ನು ಎಲ್ಲರೂ ಬಲ್ಲರು. ನಿಧಾನವಾಗಿ ಒತ್ತಿದರೆ ಆ ಬಿಸಿ ಹೊರಗೆ ಸೋರಿಹೋಗುತ್ತದೆ. ಶಬ್ದದ ಅಲೆಯಲ್ಲಿ ಅದುಮುವಿಕೆ ಸೆಕೆಂಡಿಗೆ ನೂರಾರು ಬಾರಿ ನಡೆಯುವುದರಿಂದ ಬಿಸಿಗೆ ಸೋರಲು ಹೊತ್ತೇ ಸಿಕ್ಕುವುದಿಲ್ಲ. ಬಿಸಿಯಾದ ಗಾಳಿ ಇನ್ನಷ್ಟು ಬಲವಾಗಿ ಮರಳಿ ಪುಟಿಯುತ್ತದೆ. ಆದುದರಿಂದ ಅಲೆ ಇನ್ನಷ್ಟು ವೇಗವಾಗಿ ಓಡುತ್ತದೆ. ನ್ಯೂಟನನ ಲೆಕ್ಕ ಗಾಳಿಯ ಉಷ್ಣತೆ ಬದಲಾಗುವುದಿಲ್ಲವೆಂದು ಭಾವಿಸಿತ್ತು. ಲಗ್ರಾಂಜ್, ಆಯ್ಲರ್ ಮೊದಲಾದ ಮಹಾಗಣಿತಜ್ಞರು ಹದಿನೆಂಟನೆಯ ಶತಮಾನದಲ್ಲಿ ಗಣಿತವನ್ನು ಎಷ್ಟು ಶೋಧಿಸಿದರೂ ಅಂತರ ಮುಚ್ಚಲಿಲ್ಲ, ದೋಷವಿದ್ದುದು ಗಣಿತದಲ್ಲಲ್ಲ. ಫ್ರಾನ್ಸಿನ ಲಾಪ್ಲಾಸನ ಸೂಚನೆಯಂತೆ 1802ರಲ್ಲಿ ಬಿಯೋ ಈ ಬಿಸಿಯ ವಿಚಾರವನ್ನು ಎತ್ತಿದನು. 1816ರಲ್ಲಿ ಲಾಪ್ಲಾಸನೇ ಅದನ್ನು ನಿಯಮದ ರೂಪದಲ್ಲಿ ಪ್ರಕಟಿಸಿದನು. ನ್ಯೂಟನನ ಸೂತ್ರದ ಒಳಗೆ, ವರ್ಗಮೂಲದ ಅಡಿಯಲ್ಲಿ, ಗಾಳಿಯ ಎರಡು ವಿಶಿಷ್ಟೋಷ್ಣಗಳ ಪ್ರಮಾಣವನ್ನು ಸೇರಿಸಬೇಕೆಂಬುದೇ ಆ ನಿಯಮ. ಈ ಪ್ರಮಾಣ ಗಾಳಿಗೆ ಸುಮಾರು 1.4, ಅದರ ವರ್ಗಮೂಲ ಸುಮಾರು 1.18. ಕಾಣೆಯಾಗಿದ್ದ ಭಾಗ ಇದೇ. ಘನಕಣಗಳೂ ಬೇಕಾಗಲಿಲ್ಲ, ಆವಿಯ ಹನ್ನೊಂದನೆಯ ಪಾಲೂ ಬೇಕಾಗಲಿಲ್ಲ.

ಕಥೆ ಸಾಮಾನ್ಯವಾಗಿ ಇಲ್ಲಿಗೆ ಮುಗಿಯುತ್ತದೆ. ಆದರೆ 1142ರ ಗತಿಯೇನಾಯಿತು? ಇಂದಿನ ತಿಳಿವಳಿಕೆಯಂತೆ ಶಬ್ದದ ವೇಗ ಗಾಳಿಯ ಉಷ್ಣತೆಯನ್ನು ಅವಲಂಬಿಸಿದೆ. ಹೆಪ್ಪುಗಟ್ಟುವ ಬಿಂದುವಿನಲ್ಲಿ ಸೆಕೆಂಡಿಗೆ ಸುಮಾರು 331 ಮೀಟರು, ಅಂದರೆ 1087 ಅಡಿ. ಮೇಲಕ್ಕೆ ಹೋದಂತೆ ಪ್ರತಿಯೊಂದು ಸೆಂಟಿಗ್ರೇಡ್ ಡಿಗ್ರಿಗೂ ಸುಮಾರು ಎರಡು ಅಡಿ ಹೆಚ್ಚುತ್ತದೆ. ಇಂಗ್ಲೆಂಡಿನ ಹತ್ತು ಡಿಗ್ರಿಯ ಹವೆಯಲ್ಲಿ ಅದು 1107 ಅಡಿ ಇರಬೇಕು. ಡೆರ್ಹಾಮನ ಅಂಕಿ ಅಲ್ಲಿಗೆ 35 ಅಡಿಗಳಷ್ಟು ಹೆಚ್ಚು. ನ್ಯೂಟನನು ತನ್ನ ಸಿದ್ಧಾಂತವನ್ನು ಒಂದು ಅಡಿಯೂ ಬಿಡದಂತೆ ಹೊಂದಿಸಿದುದು ತಪ್ಪು ಅಂಕಿಗೆ! ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಚಳಿಗಾಲದಲ್ಲಿ ಶಬ್ದ ನಿಧಾನವಾಗಿಯೂ ಬೇಸಗೆಯಲ್ಲಿ ವೇಗವಾಗಿಯೂ ಸಾಗಬೇಕೆಂದು ನ್ಯೂಟನನು ಅದೇ ಸ್ಥಳದಲ್ಲಿ ಸರಿಯಾಗಿಯೇ ಬರೆದಿದ್ದನು. ಕಾಲಭೇದದಿಂದ ವೇಗ ಬದಲಾಗುವುದಿಲ್ಲವೆಂದವನು ಅಷ್ಟು ಕಾಲ ಗೋಪುರದ ಮೇಲೆ ಕಾದಿದ್ದ ಡೆರ್ಹಾಮನು. ಇಟಲಿಯ ಬೊಲೋನ್ಯದಲ್ಲಿ ಬಿಯಾಂಕೋನಿ 1740ರಲ್ಲಿ ಬೇಸಗೆಯ ಸದ್ದು ಚಳಿಗಾಲದ ಸದ್ದಿಗಿಂತ ಬೇಗ ಬರುವುದೆಂದು ತೋರಿಸಿದ ಮೇಲೆ ಈ ಸಂದೇಹ ತೀರಿತು. ಅದಕ್ಕೆ ಎರಡು ವರ್ಷ ಮೊದಲು ಪ್ಯಾರಿಸಿನ ಅಕಾಡೆಮಿಯವರು ಮೋಂಮಾರ್ತ್ರ್ ಮತ್ತು ಮೋಂಲೇರಿ ಗುಡ್ಡಗಳ ನಡುವೆ ತೋಪು ಹಾರಿಸಿ ಅಳೆದ ವೇಗವು, ಉಷ್ಣತೆಯ ಭೇದವನ್ನು ಕಳೆದರೆ, ಇಂದಿನ ಅಂಕಿಗೆ ತೀರ ಸಮೀಪವಾಗಿದೆ.

ಹಾಗಾದರೆ 1142 ಅಡಿ ಎಲ್ಲಿಯ ಶಬ್ದವೇಗ? ಹೆಚ್ಚು ಕಡಿಮೆ 28 ಡಿಗ್ರಿ ಸೆಂಟಿಗ್ರೇಡಿನ ಗಾಳಿಯದು, ಅಂದರೆ ಮದರಾಸಿನದು. ಇದು ಚಮತ್ಕಾರದ ಮಾತಲ್ಲ. ಶಬ್ದದ ವೇಗವನ್ನು ಉಷ್ಣದೇಶದಲ್ಲಿ ವರ್ಷವಿಡೀ ಅಳೆದ ಅತಿ ಮುಖ್ಯವಾದ ಹಳೆಯ ಪ್ರಯತ್ನ ನಡೆದುದೇ ಮದರಾಸಿನಲ್ಲಿ. ಈಸ್ಟ್ ಇಂಡಿಯಾ ಕಂಪೆನಿಯವರು 1792ರಲ್ಲಿ ನುಂಗಂಬಾಕ್ಕಂನಲ್ಲಿ ಕಟ್ಟಿಸಿದ ವೇಧಶಾಲೆಯಲ್ಲಿ ಜಾನ್ ಗೋಲ್ಡಿಂಗ್‌ಹ್ಯಾಂ ಎಂಬವನು ಖಗೋಳಜ್ಞನಾಗಿದ್ದನು. ಮದರಾಸಿನ ಈಗಿನ ರಾಜಾಜಿ ಭವನವನ್ನು ಕಟ್ಟಿಸಿದ ವಾಸ್ತುಶಿಲ್ಪಿಯೂ ಅವನೇ. ವೇಧಶಾಲೆಯ ಪೂರ್ವಕ್ಕೆ ಎರಡೂವರೆ ಮೈಲಿಗಿಂತ ತುಸು ಹೆಚ್ಚು ದೂರದಲ್ಲಿ ಸೇಂಟ್ ಜಾರ್ಜ್ ಕೋಟೆ, ನೈಋತ್ಯಕ್ಕೆ ಐದೂವರೆ ಮೈಲಿಯ ಆಸುಪಾಸಿನಲ್ಲಿ ತಮಿಳರು ಪರಂಗಿಮಲೆಯೆನ್ನುವ ಸೇಂಟ್ ಥಾಮಸ್ ಗುಡ್ಡ. ಎರಡು ಕಡೆಯೂ ಬೆಳಗ್ಗೆ ಸಂಜೆ ಹೊತ್ತು ತಿಳಿಸುವ ತೋಪನ್ನು ಹಾರಿಸುವ ಪದ್ಧತಿಯಿತ್ತು. ಪರಂಗಿಮಲೆಯ ತಪ್ಪಲು 1802ರಲ್ಲಿ ಲ್ಯಾಂಬ್ಟನನು ತನ್ನ ಮಹಾಸರ್ವೆಯ ಆಧಾರರೇಖೆಯನ್ನು ಸರಪಳಿಯಿಂದ ಅಳೆದ ನೆಲ; ಅಲ್ಲಿಂದ ಹೊರಟ ತ್ರಿಭುಜಗಳ ಜಾಲವೇ ಮುಂದೆ ಮೈಸೂರು ಸೀಮೆಯನ್ನು ದಾಟಿ ಪಶ್ಚಿಮ ಕರಾವಳಿಯನ್ನು ಮುಟ್ಟಿತು. ಅಳೆದ ಭೂಮಿ, ಖಗೋಳಜ್ಞನ ಗಡಿಯಾರ, ದಿನವೂ ತಪ್ಪದ ತೋಪು, ಇವು ಮೂರೂ ಖರ್ಚಿಲ್ಲದೆ ಒಂದೆಡೆ ಕೂಡಿದುವು. 1820 ಮತ್ತು 1821ರಲ್ಲಿ ಗೋಲ್ಡಿಂಗ್‌ಹ್ಯಾಂ ನೂರಾರು ಬಾರಿ ಈ ತೋಪುಗಳ ಬೆಂಕಿಗೂ ಸದ್ದಿಗೂ ನಡುವಣ ಅವಧಿಯನ್ನು ಬರೆಯಿಸಿ, ಪ್ರತಿ ಸಲವೂ ಉಷ್ಣತೆ, ವಾಯುಭಾರ, ಆರ್ದ್ರತೆ, ಗಾಳಿಯ ದಿಕ್ಕುಗಳನ್ನು ನಮೂದಿಸಿದನು. ಫಲಿತಾಂಶ 1823ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಪ್ರಬಂಧಕ್ಕಿರುವ ಹೆಸರು ಅವನೊಬ್ಬನದೇ. ಕತ್ತಲು ಹರಿಯುವ ಮುನ್ನ ಎದ್ದು ತೋಪಿಗೆ ಮದ್ದು ತುಂಬಿದ ಗೋಲಂದಾಜರೂ ವೇಧಶಾಲೆಯಲ್ಲಿ ಆಗ ಕೆಲಸಮಾಡುತ್ತಿದ್ದ ಈ ದೇಶದ ಸಹಾಯಕರೂ ಇಲ್ಲದೆ ಆ ಪಟ್ಟಿಗಳು ತುಂಬುತ್ತಿದ್ದುವೇ ಎಂದು ಇತಿಹಾಸದ ವಿದ್ಯಾರ್ಥಿ ಕೇಳಬೇಕಾಗಿದೆ.

ತಿಂಗಳುವಾರು ಸರಾಸರಿಗಳನ್ನು ನೋಡಿದರೆ ಡಿಸೆಂಬರಿನಲ್ಲಿ ವೇಗ 1100 ಅಡಿಯ ಆಸುಪಾಸಿನಲ್ಲಿದೆ, ಬೇಸಗೆಯುದ್ದಕ್ಕೂ ಏರುತ್ತ ಹೋಗಿ ಜುಲೈಯಲ್ಲಿ 1160ನ್ನು ಮೀರುತ್ತದೆ, ಮತ್ತೆ ಇಳಿಯುತ್ತದೆ. ವರ್ಷದ ಒಟ್ಟು ಸರಾಸರಿ 1130ಕ್ಕೂ 1140ಕ್ಕೂ ನಡುವೆ ಬೀಳುತ್ತದೆ. ಮದರಾಸಿನ ಉಷ್ಣತೆಗೆ ಇಂದು ಲೆಕ್ಕಹಾಕಿದರೆ ಬರುವ ವೇಗಕ್ಕೂ ಇದಕ್ಕೂ ನೂರಕ್ಕೆ ಒಂದರಷ್ಟು ಮಾತ್ರ ಅಂತರವಿರುವುದು ಶ್ಲಾಘ್ಯ. ಅಪ್‌ಮಿನ್‌ಸ್ಟರಿನಲ್ಲಿ ತಪ್ಪಾಗಿದ್ದ ಅಂಕಿ ನುಂಗಂಬಾಕ್ಕಂನಲ್ಲಿ ಬಹುಮಟ್ಟಿಗೆ ಒಪ್ಪುವಂತಾಯಿತು.

ಆದರೆ ಏರಿಳಿತದ ವಿಷಯ ಹಾಗಿಲ್ಲ. ಡಿಸೆಂಬರಿಗೂ ಜುಲೈಗೂ ಅವನ ಉಷ್ಣಮಾಪಕದಲ್ಲಿ ಇದ್ದ ಭೇದ ಸುಮಾರು ಎಂಟು ಫ್ಯಾರನ್‌ಹೀಟ್ ಡಿಗ್ರಿಗಳು. ಇದರಿಂದ ವೇಗದಲ್ಲಿ ಎಂಟೊಂಬತ್ತು ಅಡಿ ವ್ಯತ್ಯಾಸವಾಗಬೇಕು. ಆಗಿರುವುದು ಅರವತ್ತು ಅಡಿಗೂ ಹೆಚ್ಚು. ಗೋಲ್ಡಿಂಗ್‌ಹ್ಯಾಂ ಇದನ್ನು ಉಷ್ಣತೆಗೆ ಇಷ್ಟು, ಆರ್ದ್ರತೆಗೆ ಇಷ್ಟು, ವಾಯುಭಾರಕ್ಕೆ ಇಷ್ಟು ಎಂದು ಹಂಚಿದನು. ವಾಯುಭಾರಕ್ಕೆ ಕೊಟ್ಟ ಪಾಲು ನಿಲ್ಲುವುದಿಲ್ಲ: ಉಷ್ಣತೆ ಬದಲಾಗದಿದ್ದರೆ ಒತ್ತಡ ಏರಿದಷ್ಟೇ ಸಾಂದ್ರತೆಯೂ ಏರುವುದರಿಂದ ಒಂದನ್ನು ಇನ್ನೊಂದು ಕಳೆದು ವೇಗ ಇದ್ದಂತೆಯೇ ಇರುತ್ತದೆ. ಆರ್ದ್ರತೆ ವೇಗವನ್ನು ಹೆಚ್ಚಿಸುವುದು ನಿಜ; ಆದರೆ ಅದರ ಶಕ್ತಿ ಕೆಲವೇ ಅಡಿಗಳು. ಅವನು ಮೋಸಹೋದುದಕ್ಕೆ ಕಾರಣ ನಮ್ಮ ಋತುಮಾನದಲ್ಲಿಯೇ ಇದೆ. ಮದರಾಸಿನಲ್ಲಿ ಸೆಕೆ ಏರುವಾಗಲೇ ವಾಯುಭಾರ ಇಳಿಯುತ್ತದೆ, ಗಾಳಿಯ ದಿಕ್ಕೂ ತಿರುಗುತ್ತದೆ. ಜೊತೆಜೊತೆಯಾಗಿ ಬದಲಾಗುವ ಸಂಗತಿಗಳಲ್ಲಿ ಯಾವುದು ಕಾರಣ, ಯಾವುದು ಸಂಗಾತಿ ಎಂದು ವರ್ಷದ ಪಟ್ಟಿಯೊಂದರಿಂದಲೇ ಬೇರ್ಪಡಿಸುವುದು ದುಸ್ಸಾಧ್ಯ.

ಮುಖ್ಯ ಕಾರಣ ಗಾಳಿಯ ಬೀಸೇ ಇರಬೇಕೆಂದು ನನ್ನ ಊಹೆ. ಜುಲೈಯಲ್ಲಿ ಬೀಸುವ ನೈಋತ್ಯದ ಮಾರುತವು ಪರಂಗಿಮಲೆಯ ಸದ್ದನ್ನು ವೇಧಶಾಲೆಯ ಕಡೆಗೆ ತಳ್ಳುತ್ತದೆ. ಡಿಸೆಂಬರಿನ ಈಶಾನ್ಯ ಮಾರುತ ಅದನ್ನೇ ತಡೆಯುತ್ತದೆ. ಜುಲೈಯ ಹೆಚ್ಚಳಕ್ಕೆ ಸಾಧಾರಣ ವೇಗದ ಗಾಳಿಯೊಂದೇ ಸಾಕು. ಡಿಸೆಂಬರಿನ ಕೊರತೆಗೆ ಅದು ಸಾಲದು. ನಲವತ್ತು ಅಡಿಯಷ್ಟು ಕಡಿಮೆಯಾಗಬೇಕಾದರೆ ಸಾಕಷ್ಟು ಬಿರುಸಾದ ಗಾಳಿಯೇ ಪ್ರತಿದಿನವೂ ಬೀಸುತ್ತಿರಬೇಕು. ಆದರೆ ಈ ಊಹೆಯನ್ನು ಪರೀಕ್ಷಿಸುವ ದಾರಿ ಅದೇ ಪ್ರಬಂಧದಲ್ಲಿದೆ. ಕೋಟೆ ಇರುವುದು ವೇಧಶಾಲೆಯ ಪೂರ್ವಕ್ಕೆ. ಆದುದರಿಂದ ಗುಡ್ಡದ ಸದ್ದಿಗೆ ಅನುಕೂಲವಾದ ಗಾಳಿ ಕೋಟೆಯ ಸದ್ದಿಗೆ ಪ್ರತಿಕೂಲವಾಗಿರಬೇಕು. ಕಾರಣ ಗಾಳಿಯೇ ಆಗಿದ್ದರೆ ಎರಡು ತೋಪುಗಳ ಏರಿಳಿತ ಒಂದಕ್ಕೊಂದು ವಿರುದ್ಧವಾಗಿ ನಡೆಯಬೇಕು. ಗಡಿಯಾರದ ಅಥವಾ ಎಣಿಸಿದವರ ದೋಷವಾಗಿದ್ದರೆ ಅದು ಹತ್ತಿರದ ಕೋಟೆಯ ಅಂಕಿಗಳಲ್ಲಿ ದೂರದ ಗುಡ್ಡದವುಗಳಿಗಿಂತ ಇಮ್ಮಡಿಗೂ ಹೆಚ್ಚಾಗಿ ಕಾಣಬೇಕು. ಗೋಲ್ಡಿಂಗ್‌ಹ್ಯಾಂ ಸರಾಸರಿಯನ್ನಷ್ಟೇ ಕೊಟ್ಟು ಸುಮ್ಮನಾಗದೆ ದಿನದಿನದ ಪಟ್ಟಿಗಳನ್ನೂ, ತನ್ನ ತೀರ್ಮಾನಕ್ಕೆ ಒಗ್ಗದ ಸಾಲುಗಳ ಸಮೇತ, ಅಚ್ಚು ಹಾಕಿಸಿದನು. ಅವನ ಪ್ರಬಂಧದಲ್ಲಿ ಇಂದಿಗೂ ಉಪಯುಕ್ತವಾಗಿರುವ ಭಾಗ ಅದೇ.

ಆ ವೇಧಶಾಲೆಯ ಖಗೋಳಕಾರ್ಯ 1899ರಲ್ಲಿ ಕೊಡೈಕನಾಲಿಗೆ ಹೋಯಿತು. ಅದರ ಪರಂಪರೆಯನ್ನು ಮುಂದುವರಿಸಿರುವ ಭಾರತೀಯ ಖಭೌತ ಸಂಸ್ಥೆ ಇಂದು ಬೆಂಗಳೂರಿನ ಕೋರಮಂಗಲದಲ್ಲಿದೆ. ನುಂಗಂಬಾಕ್ಕಂನಲ್ಲಿ ಹವಾಮಾನ ಇಲಾಖೆಯ ಆವರಣದೊಳಗೆ ವೇಧಶಾಲೆಯ ಕಗ್ಗಲ್ಲಿನ ಕಂಬವೂ ಅದರ ಮೇಲೆ ಲ್ಯಾಟಿನ್ನಿನೊಡನೆ ದೇಶಭಾಷೆಗಳಲ್ಲಿ ಕೆತ್ತಿದ ಬರಹವೂ ಉಳಿದಿವೆ. 1823ರ ಪಟ್ಟಿಗಳಿಂದ ಕೋಟೆಯ ಸಾಲುಗಳನ್ನೂ ಗುಡ್ಡದ ಸಾಲುಗಳನ್ನೂ ಬೇರೆಬೇರೆಯಾಗಿ ಬರೆದುಕೊಂಡು, ಗಾಳಿಯ ದಿಕ್ಕಿನಂತೆ ವಿಂಗಡಿಸಿ, ಮತ್ತೆ ಲೆಕ್ಕಹಾಕುವ ಕೆಲಸವನ್ನು ನಮ್ಮ ವಿಭಾಗದ ವಿದ್ಯಾರ್ಥಿಯೊಬ್ಬರು ಭೌತಶಾಸ್ತ್ರ ವಿಭಾಗದ ವಿದ್ಯಾರ್ಥಿಯೊಬ್ಬರೊಡನೆ ಕೂಡಿ ಕೈಗೊಳ್ಳಬಹುದು. ಒಂದು ವರ್ಷದ ಪ್ರಬಂಧಕ್ಕೆ ಸಾಕಾಗುವಷ್ಟು ಕೆಲಸ ಅದರಲ್ಲಿದೆ. ಯಾವ ಸಾಲನ್ನೂ ಹೊಡೆದುಹಾಕಕೂಡದೆಂಬುದೊಂದೇ ನನ್ನ ಷರತ್ತು.